ಎರಡೂ ಕಡೆ ಎರಡು ಗೀಟು

ನಮ್ಮೂರಿನಲ್ಲಿ ಆಡಿದ ಮಾತು ಎಲ್ಲಿಗೂ ಹೋಗುವುದಿಲ್ಲ. ಸಂತೆಬೀದಿ ಮುಗಿಯುವಲ್ಲಿ ಬಾಗಿಲಿಲ್ಲದ ಒಂದು ಕಲ್ಲಿನ ಮನೆಯಿದೆ. ಅದಕ್ಕೆ ಇರುವುದು ಎರಡೇ ಕಿಟಕಿ. ನಾವು ಅದನ್ನು ಹುಡುಕುಮನೆ ಎನ್ನುತ್ತೇವೆ. ಬೇಕಾದ ಮಾತನ್ನು ಚೀಟಿಯಲ್ಲಿ ಬರೆದು ಎಡಗಡೆಯ ಕಿಟಕಿಯೊಳಗೆ ಹಾಕಿದರೆ ಹತ್ತು ನಿಮಿಷಕ್ಕೆ ಬಲಗಡೆಯ ಕಿಟಕಿಯಿಂದ ಬಿದಿರಿನ ಬುಟ್ಟಿಯೊಂದು ಹೊರಬರುತ್ತದೆ. ಬುಟ್ಟಿಯ ತುಂಬ ಸಣ್ಣ ಸಣ್ಣ ಕಾಗದದ ಪಟ್ಟಿಗಳು. ಒಂದೊಂದು ಪಟ್ಟಿಯಲ್ಲಿ ಊರಿನ ಯಾರೋ, ಎಂದೋ ಆಡಿದ ಒಂದೊಂದು ಮಾತು. ಹಿಂಬದಿಯಲ್ಲಿ ತಾರೀಖು ಇರುತ್ತದೆ. ಆಡಿದವರ ಹೆಸರು ಇರುವುದಿಲ್ಲ. ಅಕ್ಷರ ಬಾರದವರಿಗೆ ಚೀಟಿ ಬರೆದುಕೊಡುವುದು, ಬಂದದ್ದನ್ನು ಓದಿ ಹೇಳುವುದು ನನ್ನ ಕೆಲಸ. ಪುರಸಭೆಯವರು ಕಿಟಕಿಗಳ ನಡುವೆ ನನಗೊಂದು ಮೇಜು, ಒಂದು ಬೆಂಚು ಹಾಕಿಸಿಕೊಟ್ಟಿದ್ದಾರೆ. ಜನ್ಮದಲ್ಲಿ ಒಂದೂ ಪಾಠ ಮಾಡಿದವನಲ್ಲ, ಆದರೂ ಊರಿಗೆಲ್ಲ ನಾನು ಮೇಷ್ಟ್ರು.

ಇಂಥ ಊರಿನಲ್ಲಿ ಬದುಕುವುದು ಹೊರಗಿನವರು ಅಂದುಕೊಳ್ಳುವಷ್ಟು ಕಷ್ಟವೇನಲ್ಲ. ಗಂಡ ಹೆಂಡತಿ ಜಗಳವಾಡುವಾಗ 'ಬಾ ಹುಡುಕುಮನೆಗೆ' ಎಂದು ಹೆದರಿಸುತ್ತಾರೆ, ಹೋಗುವುದಿಲ್ಲ. ಹೆಣ್ಣು ನೋಡಲು ಬಂದವರು ಕಾಫಿ ಕುಡಿದು ತಲೆ ಆಡಿಸಿ ಎದ್ದು ಹೋಗುತ್ತಾರೆ. ಗುಟ್ಟು ಇರುವವರು ಇಟ್ಟಿಗೆಗೂಡು ದಾಟಿ ಗಡಿಕಲ್ಲಿನ ಆಚೆ ನಿಂತು ಮಾತಾಡುತ್ತಾರೆ. ಆಚೆ ಆಡಿದ್ದು ಉಳಿಯುವುದಿಲ್ಲ. ಯಾವ ಹೊತ್ತಿಗೆ ಹೋದರೂ ಅಲ್ಲಿ ಮೂರು ನಾಲ್ಕು ಜೋಡಿ ಜನ ದೂರ ದೂರ ನಿಂತು, ಒಬ್ಬರನ್ನೊಬ್ಬರು ಕಾಣದವರ ಹಾಗೆ ಪಿಸುಗುಡುತ್ತಿರುತ್ತಾರೆ.

ಕಷ್ಟವಿದ್ದದ್ದು ಹುಡುಕುಮನೆಯ ದಾಕ್ಷಿಣ್ಯದಿಂದ. ಇಲ್ಲ ಎನ್ನುವುದು ಅದಕ್ಕೆ ಬರುತ್ತಿರಲಿಲ್ಲ. ಉಪ್ಪು ಕೇಳಲು ಹೋದರೆ ಉಪ್ಪಿಲ್ಲವೆಂದು ಹೇಳಲಾಗದೆ ಬೆಲ್ಲ ಕೊಟ್ಟು ಕಳಿಸುವ ಮುದುಕಿಯರಿರುತ್ತಾರಲ್ಲ, ಹಾಗೆ. ನೀವು ಅತ್ತೆ ಎಂದು ಕೇಳಿದರೆ ಸೋದರತ್ತೆ, ಅತ್ತಿಗೆ, ಓರಗಿತ್ತಿ ಎಲ್ಲರೂ ಬರುತ್ತಿದ್ದರು. ಜಾಸ್ತಿ ಜನ ಆಡಿದ ಮಾತು ಬುಟ್ಟಿಯ ಮೇಲುಗಡೆ ಬರುತ್ತಿತ್ತು, ಕಡಿಮೆ ಜನ ಆಡಿದ್ದು ಅಡಿಗೆ. ಒಬ್ಬರೇ ಆಡಿದ್ದು ಬುಟ್ಟಿಗೇ ಬರುತ್ತಿರಲಿಲ್ಲ. ಒಂದು ಚೀಟಿಗೆ ಒಂದೇ ಬುಟ್ಟಿ.

ಹಾಗಾಗಿ ಹೋದ ವರ್ಷ ಪುರಸಭೆ ಮೂವರ ಸಮಿತಿ ಮಾಡಿತು. ಮಾತಿನ ಪಕ್ಕದಲ್ಲಿ ಬರೆದರೆ 'ಇದೇ ಬೇಕು, ಇದರಂಥದ್ದು ಬೇಡ' ಎಂದು ಹುಡುಕುಮನೆಗೆ ತಿಳಿಯುವಂಥ ಒಂದು ಗುರುತನ್ನು ಆರಿಸುವುದು ಸಮಿತಿಯ ಕೆಲಸ. ನಿವೃತ್ತ ಪೋಸ್ಟ್ ಮಾಸ್ಟರ್ ಷಡಕ್ಷರಪ್ಪನವರು ಅಧ್ಯಕ್ಷರು. ಹೈಸ್ಕೂಲಿನ ಡ್ರಾಯಿಂಗ್ ಟೀಚರ್ ತಾರಾಮಣಿ ಒಬ್ಬರು ಸದಸ್ಯರು. ಇನ್ನೊಬ್ಬ ನಾನು. ಆ ಗುರುತು ಎಂದೂ ಸಿಗದಿರಲಿ ಎಂದು ಊರಿನಲ್ಲಿ ಬೇಡಿಕೊಳ್ಳುತ್ತಿದ್ದವನು ಬಹುಶಃ ನಾನೊಬ್ಬನೇ. ಅದು ಮಾಚವ್ವನ ಕಾರಣಕ್ಕೆ.

ಮಾಚವ್ವ ನಮ್ಮೂರಿನ ಬಟ್ಟೆ ಒಗೆಯುವವಳು. ಒಂದೊಂದು ಮನೆಯ ಬಟ್ಟೆಗೂ ಅವಳದೊಂದು ಗುರುತಿದೆ. ಕರಿಗೇರು ಕಾಯಿಗೆ ಸೂಜಿ ಚುಚ್ಚಿ, ಅದರ ರಸದಲ್ಲಿ ಕಾಲರಿನ ಒಳಮಗ್ಗುಲಿಗೆ ಹಾಕುತ್ತಾಳೆ. ಕಪ್ಪಗೆ ಕೂತಿತೆಂದರೆ ಬಟ್ಟೆ ಹರಿದು ಚಿಂದಿಯಾದರೂ ಅದು ಹೋಗುವುದಿಲ್ಲ. ಷಡಕ್ಷರಪ್ಪನವರದು ಏಣಿ, ತಾರಾಮಣಿ ಟೀಚರದು ಮೂರು ಚುಕ್ಕಿ, ನಮ್ಮ ಮನೆಯದು ಮುಕ್ಕೋನ. ಹೊಸದಾಗಿ ಗುರುತು ಹಾಕಿದ ಅಂಗಿ ತೊಟ್ಟರೆ ಮೂರು ನಾಲ್ಕು ಒಗೆತದವರೆಗೂ ಕತ್ತಿನ ಹಿಂದೆ ಉರಿಯುತ್ತದೆ. ನಮ್ಮೂರಿನವರು ಅದಕ್ಕೆ ಹೊಂದಿಕೊಂಡಿದ್ದಾರೆ.

ಪ್ರತಿ ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಅವಳು ನನ್ನ ಬೆಂಚಿಗೆ ಬರುತ್ತಿದ್ದಳು. ಮಗಳು ನೇತ್ರಾ ಸತ್ತ ಮೇಲೆ ಒಂದು ಮಂಗಳವಾರವೂ ತಪ್ಪಿಸಿರಲಿಲ್ಲ. ಹತ್ತೊಂಬತ್ತರ ಹುಡುಗಿ. ಮೂರು ದಿನ ಜ್ವರ ಎಂದು ಮಲಗಿದ್ದಳು, ನಾಲ್ಕನೇ ದಿನ ಸಂಜೆ ತಾಯಿ ಹೊಳೆಯಿಂದ ಬರುವಷ್ಟರಲ್ಲಿ ತಣ್ಣಗಾಗಿದ್ದಳು. ಪಕ್ಕದ ಮನೆಯ ಗಂಗಮಾಳಮ್ಮ ಹೇಳಿದ್ದು ಒಂದೇ ಮಾತು: 'ಮಧ್ಯಾಹ್ನ ಕೂಸಿನ ದನಿ ಕೇಳಿಸ್ತು ಕಣವ್ವ. ನಿನ್ನ ಕರೆದ ಹಾಗಿತ್ತು.' ಅಷ್ಟು ಹೇಳಿ ಗಂಗಮಾಳಮ್ಮ ತನ್ನ ಕೆಲಸಕ್ಕೆ ಹೋದಳು. ಆ ಮಾತು ಮಾಚವ್ವನೊಳಗೆ ಉಳಿದುಕೊಂಡಿತು.

'ಅವಳು ನನ್ನ ಕರೆದಳಾ ಇಲ್ವಾ, ಅಷ್ಟು ಗೊತ್ತಾದ್ರೆ ಸಾಕು ಮೇಷ್ಟ್ರೇ,' ಎಂದಿದ್ದಳು ಮೊದಲ ಸಲ ಬಂದಾಗ.

'ಗೊತ್ತಾದ್ರೆ ಏನು ಮಾಡ್ತೀಯ?'

'ಮಾಡೋದೇನು. ಒಂದು ಮಗ್ಗುಲಿಗಾದ್ರೂ ನಿದ್ದೆ ಬರುತ್ತೆ. ಈಗ ಎರಡೂ ಕಡೆ ಚುಚ್ತದೆ.'

ಅವ್ವ ಎಂದು ಕೇಳಿ ಫಲವಿರಲಿಲ್ಲ. ಅಂಥ ಒಂದು ದಿನದಲ್ಲಿ ಊರಿನಲ್ಲಿ ಎಷ್ಟು ಮಕ್ಕಳು ಅವ್ವ ಎಂದಿರುತ್ತಾರೆ, ಅದರಲ್ಲಿ ಯಾವುದು ನೇತ್ರಾಳದು ಎಂದು ಯಾರು ಹೇಳಬಲ್ಲರು? ಆದರೆ ನೇತ್ರಾ ತಾಯಿಯನ್ನು ಅವ್ವ ಎಂದವಳೇ ಅಲ್ಲ. ಎಳೆಕೂಸಾಗಿದ್ದಾಗ ಅವಳನ್ನು ಹೊಳೆದಂಡೆಯ ಮರಕ್ಕೆ ಕಟ್ಟಿದ ಜೋಲಿಯಲ್ಲಿ ಮಲಗಿಸಿ ಮಾಚವ್ವ ಬಟ್ಟೆ ಒಗೆಯುತ್ತಿದ್ದಳು. ಒದ್ದೆ ಬಟ್ಟೆ ಕಲ್ಲಿಗೆ ಬೀಳುವ ದೊಪ್ ದೊಪ್ ಸದ್ದೇ ಕೂಸಿಗೆ ತಾಯಿಯಾಗಿತ್ತು. ಮಾತು ಬಂದ ದಿನ ಅದು ತಾಯಿಯನ್ನು ದೊಪ್ಪಿ ಎಂದಿತು. ದೊಡ್ಡವಳಾದ ಮೇಲೂ ಬಿಡಲಿಲ್ಲ. ಆ ಹೆಸರು ಊರಿನಲ್ಲಿ ಇನ್ನೊಬ್ಬರ ಬಾಯಲ್ಲಿ ಇರಲಿಲ್ಲ.

ನಾನು ಪ್ರತಿ ಮಂಗಳವಾರ ಚೀಟಿಯಲ್ಲಿ ದೊಪ್ಪಿ ಎಂದೇ ಬರೆಯುತ್ತಿದ್ದೆ. ಹುಡುಕುಮನೆ ಅದನ್ನು ಓದಿ ಕನಿಕರಪಟ್ಟು, ಪಾಪ ಇವಳಿಗೆ ಬೇಕಾದದ್ದು ತಾಯಿ ಎಂದು ತಾನೇ ತೀರ್ಮಾನಿಸಿ, ಊರಿನ ಮಕ್ಕಳೆಲ್ಲ ಆಡಿದ ಅವ್ವಗಳನ್ನು ಬುಟ್ಟಿ ತುಂಬ ಕಳಿಸುತ್ತಿತ್ತು. ಅವ್ವ ಹಸಿವು. ಅವ್ವ ನೋಡು ಇವನು ಹೊಡೀತಾನೆ. ಅವ್ವ ಬಾ. ನಾನು ಓದುತ್ತಿದ್ದೆ, ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಕೆಲವು ಬಂದಾಗ, 'ಜ್ವರದ ಬಾಯಲ್ಲಿ ಅವ್ವ ಅಂದಿದ್ರೆ? ಇದು ಅವಳದ್ದಿರಬಹುದಾ?' ಎನ್ನುತ್ತಿದ್ದಳು. 'ಇದ್ದರೂ ಇರಬಹುದು' ಎನ್ನುತ್ತಿದ್ದೆ. ಅವಳು ಆ ಪಟ್ಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೋಗುತ್ತಿದ್ದಳು.

ಆ ದಿನ ನಾನು ಅವರ ಬಾಗಿಲಲ್ಲಿದ್ದೆ. ಇದನ್ನು ಈಗಲೇ ಹೇಳಿಬಿಡಬೇಕು. ಒಗೆಯುವ ಬಟ್ಟೆಗಂಟು ಕೊಡಲು ಹೋಗಿದ್ದೆ. ಹನ್ನೆರಡು ದಾಟಿತ್ತು. ಇಸ್ತ್ರಿ ಮೇಜಿನ ಕೆಳಗೆ, ತಂಪಿರುವ ಜಾಗದಲ್ಲಿ ಚಾಪೆ ಹಾಸಿಕೊಂಡು ನೇತ್ರಾ ಮಲಗಿದ್ದಳು. ತುಟಿ ಒಣಗಿತ್ತು. ಲೋಟಕ್ಕೆ ನೀರು ಬಗ್ಗಿಸಿ ಕೊಟ್ಟೆ. 'ಅವ್ವನ್ನ ಕರ್ಕೊಂಡು ಬರ್ಲಾ?' ಎಂದು ಕೇಳಿದೆ. ಅವಳು ಬೇಡ ಎಂದಳು. ಒಂದೇ ಮಾತು ಆಡಿದಳು, ಅದನ್ನು ಮುಂದೆ ಹೇಳುತ್ತೇನೆ. ಹೊಳೆಗೆ ಅರ್ಧ ಗಂಟೆಯ ದಾರಿ, ಬಿಸಿಲು ಸುಡುತ್ತಿತ್ತು, ಎರಡಕ್ಕೆ ನಾನು ಮೇಜಿಗೆ ಬರಬೇಕಿತ್ತು. ಬೇಡ ಎಂದಳಲ್ಲ ಎಂದುಕೊಂಡೆ. ನಾಯಿ ನುಗ್ಗದಿರಲಿ ಎಂದು ಬಾಗಿಲು ಎಳೆದುಕೊಂಡು ಬಂದೆ. ಸಂಜೆ ಸುದ್ದಿ ಬಂತು. ಅಂದು ಯಾರೂ ನನ್ನನ್ನು ಕೇಳಲಿಲ್ಲ. ಮರುದಿನ ಹೇಳಿದ್ದರೆ ನಿನ್ನೆ ಯಾಕೆ ಹೇಳಲಿಲ್ಲ ಎನ್ನುತ್ತಿದ್ದರು. ಹಾಗೆ ಒಂದು ದಿನ ಇನ್ನೊಂದನ್ನು ಹಿಡಿದುಕೊಂಡು ವರ್ಷವಾಯಿತು. ವರ್ಷವಿಡೀ ನಾನು ಅವಳಿಗೆ ಬೇರೆಯವರ ಮಕ್ಕಳ ಮಾತು ಓದಿದೆ.

ಸಮಿತಿ ದಿನಾ ಬೆಳಿಗ್ಗೆ ನನ್ನ ಬೆಂಚಿನಲ್ಲೇ ಕೂಡುತ್ತಿತ್ತು. ಪರೀಕ್ಷೆಗೆ ಯಾವ ಮಾತು ತೆಗೆದುಕೊಳ್ಳುವುದು ಎಂಬುದರಲ್ಲೇ ಮೊದಲ ದಿನ ಹೋಯಿತು. ಕೊನೆಗೆ ಷಡಕ್ಷರಪ್ಪನವರು ಬದನೆಕಾಯಿ ಎಂದರು. 'ಎಲ್ಲರ ಮನೇಲೂ ಆಡೋ ಮಾತು. ಯಾರ ಮಾನಕ್ಕೂ ಧಕ್ಕೆಯಿಲ್ಲ. ಬುಟ್ಟಿ ತುಂಬ ಬರೀ ಬದನೆಕಾಯಿ ಬಂದ ದಿನ ನಮ್ಮ ಕೆಲಸ ಮುಗೀತು.'

ಮೊದಲು ಕೂಡುವ ಗುರುತು ಹಾಕಿ ನೋಡಿದೆವು. ಹುಡುಕುಮನೆ ಅದನ್ನು ಇನ್ನಷ್ಟು ಕೊಡು ಎಂದು ತಿಳಿದು ಬದನೆಕಾಯಿಯ ಜೊತೆಗೆ ಸಾಸಿವೆ, ಎಣ್ಣೆ, ಸೊಸೆಯ ಕೈರುಚಿಯ ಮೇಲಿನ ದೂರು ಎಲ್ಲವನ್ನೂ ಕಳಿಸಿತು. ಕಳೆಯುವ ಗುರುತು ಹಾಕಿದ ದಿನ ಬದನೆಕಾಯಿಯೊಂದನ್ನು ಬಿಟ್ಟು ಊರು ಆಡಿದ ಮಿಕ್ಕೆಲ್ಲ ಮಾತು ಬರತೊಡಗಿತು. ಒಂದು ಚೀಟಿಗೆ ಒಂದೇ ಬುಟ್ಟಿ ಎಂಬ ನೇಮವನ್ನೂ ಮರೆತು ಬುಟ್ಟಿಯ ಮೇಲೆ ಬುಟ್ಟಿ. ಸಂಜೆ ಕಿಟಕಿಗೆ ಗೋಣಿ ತುರುಕಿ ನಿಲ್ಲಿಸಬೇಕಾಯಿತು. ನಕ್ಷತ್ರ ಹಾಕಿದರೆ ಮನೆಗೆ ತೋಚಿದ್ದು ಬಂತು: ಒಂದು ಲಾಲಿಯ ಸಾಲು, ಒಂದು ಬೈಗುಳ, ಯಾವುದೋ ಎಮ್ಮೆಯ ಕಾಯಿಲೆಯ ವಿಚಾರ. ಅಡಿಗೆರೆ ಎಳೆದರೆ ಜನ ಕಿರುಚಿ ಹೇಳಿದ ಬದನೆಕಾಯಿಗಳು ಮಾತ್ರ ಬಂದವು, ಜೊತೆಗೆ ಕಿರುಚಿ ಹೇಳಿದ ಬೆಂಡೆಕಾಯಿಗಳೂ.

'ಬೆಂಡೆಕಾಯಿ ಇಡೀ ಊರನ್ನ ಇಷ್ಟು ಕೂಗಾಡಿಸಿದೆ ಅಂತ ನಂಗೆ ಗೊತ್ತಿರಲಿಲ್ಲ,' ಎಂದು ಷಡಕ್ಷರಪ್ಪನವರು ಪಟ್ಟಿಗಳನ್ನು ಕನ್ನಡಕದ ಹತ್ತಿರ ಹಿಡಿದರು.

ತಾರಾಮಣಿ ಟೀಚರ್ ಪೆನ್ಸಿಲ್ ಕಚ್ಚುತ್ತ ಕೂತಿದ್ದರು. 'ನಾವು ಹೊಸದಾಗಿ ಏನನ್ನೂ ಇದಕ್ಕೆ ಕಲಿಸೋಕಾಗಲ್ಲ ಸಾರ್. ಈ ಅರ್ಥಕ್ಕೆ ಊರಲ್ಲಿ ಆಗಲೇ ಯಾರೋ ಒಂದು ಗುರುತು ಬಳಸ್ತಾ ಇರಬೇಕು. ಅದನ್ನ ನಾವು ಹುಡುಕಬೇಕು, ಅಷ್ಟೇ.'

ನಾನು ತಲೆ ಬಗ್ಗಿಸಿ ಮುಂದಿನ ಚೀಟಿ ಕತ್ತರಿಸಿದೆ. ಆ ಗುರುತು ನನಗೆ ಗೊತ್ತಿತ್ತು. ನನ್ನ ತಂದೆ ತೀರಿಕೊಂಡಾಗ ಅವರ ಒಂದು ಪಂಚೆಯನ್ನು ಅಮ್ಮ ಇಟ್ಟುಕೊಂಡಳು. ಒಗೆಯಲು ಹಾಕಿದ ಅದು ವಾಪಸು ಬಂದಾಗ ಅಂಚಿನಲ್ಲಿ ನಮ್ಮ ಮುಕ್ಕೋನದ ಎರಡೂ ಕಡೆ ಎರಡೆರಡು ಸಣ್ಣ ಗೀಟು ಇದ್ದವು. ಧಾರೆ ಸೀರೆ, ಸತ್ತವರ ಬಟ್ಟೆ, ಅಂಥದ್ದೇ ಇನ್ನೊಂದನ್ನು ಕೊಟ್ಟರೆ ನಡೆಯದ ಬಟ್ಟೆಗೆ ಮಾಚವ್ವ ಹಾಗೆ ಮಾಡುತ್ತಿದ್ದಳು. ನಾನು ಅದನ್ನು ಹೇಳಲಿಲ್ಲ. ಒಂದೊಂದು ಗುರುತು ಸೋತ ದಿನವೂ ಮನೆಗೆ ಹೋಗಿ ಎರಡು ಮುದ್ದೆ ಜಾಸ್ತಿ ಉಣ್ಣುತ್ತಿದ್ದೆ.

ಹದಿನೇಳನೆಯ ದಿನ ಮಂಗಳವಾರವಾಗಿತ್ತು. ಅಂದು ಬೆಳಿಗ್ಗೆ ಷಡಕ್ಷರಪ್ಪನವರಿಗೆ ರಕ್ತ ಪರೀಕ್ಷೆ ಇದ್ದುದರಿಂದ ಸಭೆ ಮಧ್ಯಾಹ್ನಕ್ಕೆ ಹೋಯಿತು. ಮೂರಕ್ಕೆ ಮಾಚವ್ವ ಬಂದು ಮೆಟ್ಟಿಲ ಮೇಲೆ ಕೂತಳು. ನಾವು ವೃತ್ತ ಬರೆದು ಹಾಕಿದ ಚೀಟಿಯನ್ನು ಹುಡುಕುಮನೆ ಅರ್ಥವಾಗದೆ ಹಾಗೇ ವಾಪಸು ಕಳಿಸಿತ್ತು.

'ಏನು ಟೀಚರಮ್ಮ ಅದು, ದಿನಾ ಬರೆದು ಬರೆದು ಹಾಕ್ತೀರ?'

ತಾರಾಮಣಿ ವಿವರಿಸಿದರು. ಮಾಚವ್ವ ಕೇಳಿಸಿಕೊಂಡಳು. 'ನಾವು ಅದಕ್ಕೆ ಎರಡೂ ಕಡೆ ಎರಡು ಗೀಟು ಎಳೀತೀವಿ,' ಎಂದಳು.

'ಯಾವುದಕ್ಕೆ?'

'ಅದೇ ಆಗಬೇಕು, ಅದರಂಥದ್ದು ಆಗಲ್ಲ ಅನ್ನೋ ಬಟ್ಟೆಗೆ.'

'ಇದು ಬಟ್ಟೆಯಲ್ಲ ಮಾಚವ್ವ,' ಎಂದೆ ನಾನು. ನನ್ನ ದನಿ ಬೇಕಾದ್ದಕ್ಕಿಂತ ಗಟ್ಟಿಯಾಗಿತ್ತು.

'ಅಲ್ಲ ಅಂತ ನಂಗೂ ಕಾಣುತ್ತೆ,' ಎಂದಳು ಮಾಚವ್ವ.

ಷಡಕ್ಷರಪ್ಪನವರು ನಕ್ಕರು. ಟೀಚರ್ ನಗಲಿಲ್ಲ. ಅವರು ಎದ್ದು ಬಂದು ನನ್ನ ಕಾಲರನ್ನು ಹಿಂದಕ್ಕೆ ಮಡಚಿ ಮುಕ್ಕೋನವನ್ನು ನೋಡಿದರು. ಆಮೇಲೆ ತಮ್ಮ ಕತ್ತಿನ ಹಿಂದೆ, ರವಿಕೆಯ ಒಳಗೆ ಬೆರಳಿಟ್ಟು ತಡವಿಕೊಂಡರು. 'ಈ ಊರಲ್ಲಿ ಮಾತಾಡೋ ಪ್ರತಿಯೊಬ್ಬರ ಗಂಟಲ ಹಿಂದೆ ಇವಳ ಗುರುತಿದೆ ಸಾರ್,' ಎಂದರು. ಚೀಟಿ ಅವರೇ ಬರೆದರು. ಬದನೆಕಾಯಿ; ಅದರ ಮುಂದೆ ಎರಡು ಸಣ್ಣ ಗೀಟು, ಹಿಂದೆ ಎರಡು ಸಣ್ಣ ಗೀಟು.

ಬುಟ್ಟಿ ಬಂತು. ಮೂವರೂ ಕೂತು ಒಂದೊಂದೇ ಪಟ್ಟಿ ಓದಿದೆವು. ತಳದವರೆಗೂ ಬದನೆಕಾಯಿ. ಒಂದೂ ಹೀರೆಕಾಯಿ ಇರಲಿಲ್ಲ. ಷಡಕ್ಷರಪ್ಪನವರು ಟೋಪಿ ತೆಗೆದು ಮಾಚವ್ವನಿಗೆ ಕೈಮುಗಿದರು. ಅವಳಿಗೆ ಅದು ಕಾಣಲೇ ಇಲ್ಲ. ಅವಳು ನನ್ನ ಮೇಜಿನ ಮುಂದೆ ಬಂದು ನಿಂತಿದ್ದಳು.

'ಈಗ ನನ್ನದೊಂದು ಬರೀರಿ ಮೇಷ್ಟ್ರೇ.'

ಪುರಸಭೆಯ ಮೊಹರು ಬೀಳುವವರೆಗೂ ಸಾರ್ವಜನಿಕರಿಗೆ ಕೊಡುವ ಹಾಗಿಲ್ಲ ಎಂದೆ. ಅಂಥ ನಿಯಮ ಯಾವುದೂ ಇರಲಿಲ್ಲ. ಷಡಕ್ಷರಪ್ಪನವರು ನಿಯಮ ಎಂಬ ಶಬ್ದಕ್ಕೆ ಹೆದರುವವರು, ಸುಮ್ಮನಾದರು. 'ಮುಂದಿನ ಮಂಗಳವಾರ,' ಎಂದೆ. ಮಾಚವ್ವ ಸರಿ ಎಂದಳು. ವರ್ಷ ಕಾದವಳಿಗೆ ವಾರ ಹೆಚ್ಚಲ್ಲ ಎಂಬಂತೆ ಮೆಟ್ಟಿಲಿಳಿದು ಹೋದಳು.

ಗುರುವಾರ ಮೊಹರು ಬಿತ್ತು. ಶುಕ್ರವಾರ ಸಂತೆಬೀದಿಯುದ್ದಕ್ಕೂ ಸಾಲು. ಊರಿನ ಇತಿಹಾಸದಲ್ಲಿ ಮೊದಲ ಬಾರಿಗೆ ಬಲಗಡೆಯ ಕಿಟಕಿಯಿಂದ ಖಾಲಿ ಬುಟ್ಟಿ ಬಂತು. ಅದು ಅತ್ತರು ಮಾರುವ ಖಾದರ್ ಸಾಬರದು. ತೀರಿಕೊಂಡ ಹೆಂಡತಿ ಕೊನೆಗಾಲದಲ್ಲಿ ತನ್ನ ಮೇಲೆ ಸಿಟ್ಟಿಲ್ಲ ಎಂದಿದ್ದಳೋ ಎಂದು ಆರು ವರ್ಷದಿಂದ ಅವರು ಕೇಳುತ್ತಿದ್ದರು, ಆರು ವರ್ಷವೂ ಬುಟ್ಟಿ ತುಂಬ ಸಿಟ್ಟಿಲ್ಲದ ಹೆಂಡತಿಯರು ಬರುತ್ತಿದ್ದರು. ಈ ಸಲ ಆಕೆ ಮಾತ್ರ ಅವರನ್ನು ಕರೆಯುತ್ತಿದ್ದ ಹೆಸರನ್ನು ಸೇರಿಸಿ, ಗೀಟು ಹಾಕಿಸಿದರು. ಬುಟ್ಟಿಯನ್ನು ತಲೆಕೆಳಗು ಮಾಡಿ ತಟ್ಟಿ ನೋಡಿದರು. ಆಮೇಲೆ ಅದನ್ನು ಮೆಲ್ಲಗೆ ಕಿಟಕಿಯ ಕಟ್ಟೆಯ ಮೇಲಿಟ್ಟು, 'ಬೇರೆಯವರದ್ದೇ ಇತ್ತು ಅನ್ನಿ. ಆದ್ರೂ ಆರು ವರ್ಷ ಚೆನ್ನಾಗಿತ್ತು ಮೇಷ್ಟ್ರೇ,' ಎಂದರು.

ಆ ವಾರ ಎರಡು ಸಲ ಗಡಿಕಲ್ಲಿನ ಆಚೆ ಹೋಗಿ ನಿಂತೆ. ಮಾಚವ್ವನಿಗೆ ಹೇಳಬೇಕಾದ್ದನ್ನು ಅಲ್ಲಿ ಗಟ್ಟಿಯಾಗಿ ಹೇಳಿನೋಡಿದೆ. ಹೊಲದ ಕಡೆಯಿಂದ ಗಾಳಿ ಬರುತ್ತಿತ್ತು, ಹೇಳಿದ್ದು ಹೇಳಿದ ಹಾಗೇ ಹೋಯಿತು. ಈಚೆ ಬಂದರೆ ನಾಲಿಗೆ ಏಳುತ್ತಿರಲಿಲ್ಲ. ಗೀಟನ್ನು ತಪ್ಪಾಗಿ ಹಾಕಿದರೆ, ಒಂದು ಕಡೆ ಬಿಟ್ಟರೆ, ಎಂದೂ ಯೋಚಿಸಿದೆ. ಆದರೆ ಅಕ್ಷರ ಬಾರದವಳಿಗೆ ಗುರುತು ನನಗಿಂತ ಚೆನ್ನಾಗಿ ಬರುತ್ತಿತ್ತು. ಉಳಿದದ್ದು ಓದುವುದು. ಅದರಲ್ಲಿ ಏನಿದ್ದರೂ ನನ್ನ ಬಾಯಿಯಿಂದಲೇ ಅವಳಿಗೆ ತಲುಪಬೇಕಿತ್ತು.

ಮಂಗಳವಾರ ಅವಳು ಒಗೆದ ಸೀರೆ ಉಟ್ಟು ಬಂದಿದ್ದಳು. ಚೀಟಿಯಲ್ಲಿ ನಾನು ದೊಪ್ಪಿ ಎಂದು ಬರೆದೆ. ಗೀಟುಗಳನ್ನು ಅವಳೇ ಎಳೆದಳು. ಬಟ್ಟೆಗೆ ಸೂಜಿ ಹಿಡಿಯುವ ಹಾಗೆ ಪೆನ್ನನ್ನು ನೆಟ್ಟಗೆ ಹಿಡಿದು, ಮುಂದೆ ಎರಡು, ಹಿಂದೆ ಎರಡು.

ಬುಟ್ಟಿ ಬಂತು. ಅಡಿ ಮುಚ್ಚುವಷ್ಟು ಪಟ್ಟಿಗಳಿದ್ದವು. ಅವಳು ಒಳಗೆ ಕೈಹಾಕಲಿಲ್ಲ. 'ಎಲ್ಲಾ ಅವಳದ್ದೇನಾ?' ಎಂದಳು.

'ಎಲ್ಲಾ ಅವಳದ್ದೇ.'

'ಹಳೇದ್ರಿಂದ ಓದಿ.'

ತಾರೀಖು ನೋಡಿ ಜೋಡಿಸಿಕೊಂಡು ಓದಿದೆ. ದೊಪ್ಪಿ. ಮೊದಲ ಪಟ್ಟಿಯಲ್ಲಿ ಅಷ್ಟೇ ಇತ್ತು. ದೊಪ್ಪಿ ಎತ್ಕೋ. ದೊಪ್ಪಿ, ಕತ್ತೆ ನನ್ನ ನೋಡ್ತಿದೆ. ದೊಪ್ಪಿ, ನಂಗೆ ಈ ಲಂಗ ಬೇಡ, ಇದು ಗೌಡರ ಮನೆ ಮಗಳದು, ಸ್ಕೂಲಲ್ಲಿ ಗುರುತು ಹಿಡೀತಾರೆ. ಅದಕ್ಕೆ ಮಾಚವ್ವ ನಕ್ಕಳು. 'ಒಗೆಯೋಕೆ ಬಂದಿದ್ನ ಒಂದು ದಿನಕ್ಕೆ ಹಾಕಿ ಕಳಿಸಿದ್ದೆ. ಸಂಜೆ ಬಂದು ಅತ್ತು ರಂಪ ಮಾಡಿದ್ಳು.' ದೊಪ್ಪಿ, ನಿನ್ನ ಕೈ ಯಾಕೆ ಇಷ್ಟು ಒರಟು. ದೊಪ್ಪಿ, ನಾನು ಟೈಲರಿಂಗ್ ಕಲೀತೀನಿ, ನೀನು ಒಗೆದದ್ದು ಸಾಕು. ಪಟ್ಟಿಗಳ ಅಂಚು ಬಿಳಿಯಾಗುತ್ತ ಬಂತು, ಮಾತುಗಳು ಉದ್ದವಾಗುತ್ತ ಬಂದವು. ಒಂದು ಹುಡುಗಿ ನನ್ನ ಬಾಯಲ್ಲಿ ಹತ್ತೊಂಬತ್ತು ವರ್ಷ ಬೆಳೆದಳು. ಮಾಚವ್ವ ಒಂದನ್ನೂ ಸೆರಗಿಗೆ ಕಟ್ಟಿಕೊಳ್ಳಲಿಲ್ಲ. ಓದಿದ್ದನ್ನು ತೆಗೆದುಕೊಂಡು ತೊಡೆಯ ಮೇಲೆ ಒಂದರ ಮೇಲೊಂದು, ಮಡಿಕೆ ಸರಿಮಾಡಿದ ಬಟ್ಟೆಯ ಹಾಗೆ ಪೇರಿಸುತ್ತಿದ್ದಳು.

ಕೊನೆಯದು ಉಳಿಯಿತು. ಹಿಂದೆ ತಿರುವಿ ನೋಡಿದೆ.

'ಆ ದಿನದ್ದಾ?' ಎಂದಳು.

'ಹೂಂ.'

'ಹಂಗಾದ್ರೆ ಕರೆದಿದ್ದಾಳೆ.'

ನಾನು ಓದಿದೆ: 'ಬೇಡ ಬಿಡಿ, ದೊಪ್ಪಿ ಈಗ ಮದುವೆ ಬಟ್ಟೆ ಸೋಪಿಗೆ ಹಾಕಿರ್ತಾಳೆ, ಅರ್ಧಕ್ಕೆ ಬಿಟ್ಟು ಬಂದ್ರೆ ಕಲೆ ಕೂರುತ್ತೆ.'

ಸಾಲಿನಲ್ಲಿ ಯಾರೋ ಕೆಮ್ಮಿದರು. ಮಾಚವ್ವ ಪಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮೇಜಿನ ಮೇಲೆ ನೀವಿ ಹರವಿದಳು. 'ಇನ್ನೊಂದ್ಸಲ ಓದಿ. ಬೆರಳಿಟ್ಟು ಓದಿ.'

ಓದಿದೆ. ಒಂದೊಂದು ಶಬ್ದದ ಮೇಲೂ ಬೆರಳಿಡುತ್ತ ಹೋದೆ. ಅವಳ ಕಣ್ಣು ನನ್ನ ಬೆರಳ ಮೇಲಿತ್ತು.

'ಮೂರನೇದು ಬಿಟ್ರಿ,' ಎಂದಳು. ಹಗ್ಗದ ಮೇಲೆ ಹರವಿದ ಬಟ್ಟೆಯನ್ನು ದೂರದಿಂದಲೇ ಎಣಿಸಿ, ಇಂಥ ಮನೆಯ ಒಂದು ಪಂಚೆ ಕಡಿಮೆ ಇದೆ ಎನ್ನುವವಳು ಅವಳು. 'ಎರಡು ಆದಮೇಲೆ ಒಂದರ ಮೇಲೆ ಹಾರಿದ್ರಿ. ಆಗಲೂ ಹಂಗೇ ಮಾಡಿದ್ರೋ ಏನೋ. ಅದೇನು ಅದು?'

ನಾನು ಮೂರನೆಯದರ ಮೇಲೆ ಬೆರಳಿಟ್ಟೆ. 'ಮೇಷ್ಟ್ರೇ,' ಎಂದು ಓದಿದೆ.

'ಬೇಡ ಬಿಡಿ ಮೇಷ್ಟ್ರೇ,' ಎಂದಳು ಅವಳು ಮೆಲ್ಲಗೆ, ಮಗಳ ಮಾತನ್ನು ತನ್ನ ಬಾಯಲ್ಲಿಟ್ಟು ನೋಡುವವಳ ಹಾಗೆ. 'ಯಾವ ಮೇಷ್ಟ್ರು?'

ಸಾಲು ನಿಂತಿತ್ತು. ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು. ನಾನು ಆಡುವುದು ಕೂಡ ಇನ್ನು ಆ ಮನೆಯೊಳಗೆ ಇರುತ್ತದೆ. 'ನಾನೇ ಮಾಚವ್ವ. ಬಟ್ಟೆ ಕೊಡೋಕೆ ಬಂದಿದ್ದೆ. ಅವ್ವನ್ನ ಕರ್ಕೊಂಡು ಬರ್ಲಾ ಅಂದೆ. ಅವಳು ಹೀಗಂದ್ಳು. ನಾನು ಬಾಗಿಲು ಎಳ್ಕೊಂಡು ಬಂದ್ಬಿಟ್ಟೆ.'

'ನೀರು ಕೇಳಿದ್ಳಾ?'

'ಕೊಟ್ಟೆ. ಅರ್ಧ ಲೋಟ ಕುಡಿದ್ಳು.'

'ಇನ್ನೇನಾದ್ರೂ ಅಂದ್ಳಾ?'

'ಇಲ್ಲ.'

ಅವಳು ಪಟ್ಟಿಯನ್ನು ಎತ್ತಿ ಉಳಿದವುಗಳ ಮೇಲಿಟ್ಟಳು. ಬೈಯುತ್ತಾಳೆ ಎಂದು ಕಾದೆ. ಅಳುತ್ತಾಳೆ ಎಂದುಕೊಂಡೆ. 'ಆವತ್ತಿನ ಮದುವೆ ಬಟ್ಟೆ ಬಹಳ ಚೆನ್ನಾಗಿ ಬಂತು ಮೇಷ್ಟ್ರೇ,' ಎಂದಳು. 'ಒಂದೂ ಕಲೆ ಇರಲಿಲ್ಲ. ಛತ್ರದವರು ಹೊಗಳಿ ಕಳಿಸಿದ್ರು.' ಎದ್ದು ನಿಂತಳು. ಎರಡು ಮೆಟ್ಟಿಲಿಳಿದು ತಿರುಗಿದಳು. 'ನೀವು ಹೊಳೆಗೆ ಬಂದು ಒಂದು ಮಾತು ಹೇಳಿದ್ದಿದ್ರೆ ನಾನು ಬಿಟ್ಟು ಬರ್ತಿದ್ದೆ. ಕಲೆ ಆದ್ರೆ ಆಗ್ತಿತ್ತು.' ಪಟ್ಟಿಗಳನ್ನು ಎದೆಗೆ ಒತ್ತಿ ಹಿಡಿದು ಸಂತೆಬೀದಿಯಲ್ಲಿ ನಡೆದುಹೋದಳು. ಸಾಲಿನವರು ದಾರಿ ಬಿಟ್ಟರು. ಮುಂದಿನವರು ಚೀಟಿಗೆಂದು ಕೈನೀಡಿದರು, ನಾನು ಬರೆದೆ.

ಶನಿವಾರ ನಮ್ಮ ಮನೆಯ ಬಟ್ಟೆ ಬರುವ ದಿನ. ಬರುವುದಿಲ್ಲ ಎಂದುಕೊಂಡಿದ್ದೆ. ಗಂಟು ಎಂದಿನ ಹಾಗೇ ಜಗಲಿಯ ಮೇಲಿತ್ತು. ಇಸ್ತ್ರಿ ನೀಟಾಗಿತ್ತು, ಗುಂಡಿಯೊಂದು ಸಡಿಲವಾಗಿದ್ದದ್ದನ್ನು ಬಿಗಿ ಮಾಡಿದ್ದಳು. ಅಮ್ಮ ಅವನ್ನು ಬೀರುವಿನಲ್ಲಿ ಜೋಡಿಸುತ್ತ, 'ಇದೇನಪ್ಪ ಇದು, ಬದುಕಿರೋನ ಅಂಗಿಗೆ?' ಎಂದಳು.

ಕಾಲರಿನ ಒಳಗೆ, ನಮ್ಮ ಹಳೆಯ ಮುಕ್ಕೋನದ ಎರಡೂ ಕಡೆ, ಹೊಸ ರಸದಲ್ಲಿ ಎರಡೆರಡು ಗೀಟು ಇದ್ದವು. ಗಂಟಿನಲ್ಲಿದ್ದ ನನ್ನ ನಾಲ್ಕೂ ಅಂಗಿಗೆ ಇದ್ದವು. ಅಮ್ಮನ ಸೀರೆಗೆ ಇರಲಿಲ್ಲ.

ಈಗ ಮಂಗಳವಾರ ಮೂರು ಗಂಟೆಗೆ ಬೆಂಚು ಖಾಲಿ ಇರುತ್ತದೆ. ಮಾಚವ್ವ ಬಟ್ಟೆ ಒಯ್ಯಲು ಬರುತ್ತಾಳೆ, ತಂದು ಇಡುತ್ತಾಳೆ, ಮಾತಾಡುವುದಿಲ್ಲ. ನಾನು ಆ ಅಂಗಿಗಳನ್ನೇ ತೊಟ್ಟು ಕಿಟಕಿಗಳ ನಡುವೆ ಕೂರುತ್ತೇನೆ. ಗೀಟುಗಳಿರುವ ಜಾಗದಲ್ಲಿ ಕತ್ತಿನ ಹಿಂದೆ ಚರ್ಮ ಕೆಂಪಗೆ ಎದ್ದು ಉರಿಯುತ್ತದೆ. ಆ ಉರಿ ಮೂರು ನಾಲ್ಕು ಒಗೆತಕ್ಕೆ ಹೋಗಬೇಕಾಗಿತ್ತು. ಅವಳು ಪ್ರತಿ ಶನಿವಾರ ಆ ಗೀಟುಗಳ ಮೇಲೆ ಮತ್ತೊಮ್ಮೆ ಎಳೆದು ಕಳಿಸುತ್ತಾಳೆ.